ವೈನ್‌ಮೇಕರ್ ಆಗಬೇಕೇ? ಮೊದಲು ಟ್ಯಾಂಕ್ ತೊಳೆಯಿರಿ

ವೈನ್‌ಮೇಕರ್ ಅಂದ ಕೂಡಲೇ ಗ್ಲಾಸ್ ತಿರುಗಿಸಿ ಮೂಸಿ ನೋಡುವವರು ಕಣ್ಣ ಮುಂದೆ ಬರುತ್ತಾರೆ, ಅಲ್ವಾ? ಆದರೆ ಅವರ ಕೈಯಲ್ಲಿ ಗ್ಲಾಸಿಗಿಂತ ಜಾಸ್ತಿ ಹೊತ್ತು ಇರುವುದು ಟ್ಯಾಂಕ್ ತೊಳೆಯುವ ನೀರಿನ ಪೈಪು.

ಮೊದಲು ಓದು. ಪಿಯುಸಿಯಲ್ಲಿ ಕೆಮಿಸ್ಟ್ರಿ, ಬಯಾಲಜಿ ಇರಲಿ. ಆಮೇಲೆ ಮೈಕ್ರೋಬಯಾಲಜಿ, ಫುಡ್ ಟೆಕ್ನಾಲಜಿ ಅಥವಾ ತೋಟಗಾರಿಕೆಯಲ್ಲಿ ಪದವಿ. ವೈನ್ ಶಾಸ್ತ್ರವನ್ನೇ ಓದಲು ಆಸ್ಟ್ರೇಲಿಯಾದ ಅಡಿಲೇಡ್, ಫ್ರಾನ್ಸಿನ ಬೋರ್ಡೋ, ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯಗಳು ಹೆಸರುವಾಸಿ. ಖರ್ಚು ದೊಡ್ಡದು. ಒಂದು ಸುಗ್ಗಿಯಾದರೂ ದುಡಿಯದೆ ಅಲ್ಲಿಗೆ ಸಾಲ ಮಾಡಿ ಹೋಗಬೇಡಿ.

ಸುಗ್ಗಿಗೆ ದೂರ ಹೋಗಬೇಕಿಲ್ಲ. ನಂದಿ ಬೆಟ್ಟದ ತಪ್ಪಲಲ್ಲಿ ಗ್ರೋವರ್ ವೈನ್ ಕಂಪನಿ ಶುರುವಾಗಿದ್ದು 1988ರಲ್ಲಿ. 2007ರಲ್ಲಿ ರಾಜ್ಯಕ್ಕೆ ವೈನ್ ನೀತಿಯೂ ಬಂತು. ನಮ್ಮಲ್ಲಿ ಕೊಯ್ಲು ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ. ಸೆಲ್ಲಾರ್, ಅಂದರೆ ವೈನ್ ತಯಾರಾಗುವ ಕೋಣೆಯಲ್ಲಿ ಸಹಾಯಕರಾಗಿ ಸೇರಿಕೊಳ್ಳಿ.

ಕೆಲಸ ತೋಟದಲ್ಲೇ ಶುರು. ಸಾಲು ಸಾಲಿನಿಂದ ಒಂದೊಂದು ದ್ರಾಕ್ಷಿ ಕಿತ್ತು, ಹಿಂಡಿ, ಎರಡು ಹನಿ ರಸ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ಮೇಲೆ. 24 ಬ್ರಿಕ್ಸ್ (ನೂರು ಗ್ರಾಂ ರಸದಲ್ಲಿ ಸುಮಾರು 24 ಗ್ರಾಂ ಸಕ್ಕರೆ) ಬಂದರೆ ವೈನಿನಲ್ಲಿ ಸುಮಾರು ಶೇ 13ರಷ್ಟು ಆಲ್ಕೋಹಾಲ್ ನಿರೀಕ್ಷಿಸಬಹುದು. ಮೀಟರ್ ಒಂದನ್ನೇ ನಂಬಬೇಡಿ, ಬೀಜ ಅಗಿಯಿರಿ. ಹಸಿರಾಗಿ, ಒಗರಾಗಿದ್ದರೆ ಕಾಯಬೇಕು. ಕಂದು ಬಣ್ಣಕ್ಕೆ ತಿರುಗಿ ಕಟಕ್ ಅಂದರೆ ಕೊಯ್ಲಿಗೆ ಬಂತು.

ಕೆಂಪು ವೈನಿನ ಟ್ಯಾಂಕಿನಲ್ಲಿ ರಸ ಹುದುಗುವಾಗ ಏಳುವ ಗ್ಯಾಸು ಸಿಪ್ಪೆಯನ್ನೆಲ್ಲ ಮೇಲಕ್ಕೆ ತಳ್ಳಿ ದಪ್ಪ ಪದರ ಕಟ್ಟುತ್ತದೆ. ದಿನಕ್ಕೆ ಎರಡು ಮೂರು ಸಲ ಅದನ್ನು ರಸದೊಳಗೆ ಅದ್ದಬೇಕು. ಸುಮ್ನೆ ಬಿಟ್ಟರೆ ಬಣ್ಣವೂ ಇಳಿಯದು, ವಿನೆಗರ್ ವಾಸನೆಯೂ ಹತ್ತಬಹುದು. ಟ್ಯಾಂಕಿನೊಳಗೆ ಮಾತ್ರ ತಲೆ ಹಾಕಲೇಬೇಡಿ. ಅಲ್ಲಿ ತುಂಬಿರುವ ಕಾರ್ಬನ್ ಡೈ ಆಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ, ಪ್ರಾಣ ತೆಗೆಯುತ್ತದೆ.

ಈ ಕಸುಬಿನ ದೊಡ್ಡ ತೊಡಕು ಬೇರೆಯೇ ಇದೆ. ಅನ್ನ ಹಾಳಾದರೆ ರಾತ್ರಿ ಮತ್ತೆ ಬೇಯಿಸಬಹುದು. ವೈನ್ ಹಾಳಾದರೆ ಮುಂದಿನ ವರ್ಷದವರೆಗೆ ಕಾಯಬೇಕು. ಒಂದೇ ಕಡೆ ಇದ್ದರೆ ಹತ್ತು ವರ್ಷಕ್ಕೆ ಹತ್ತೇ ಅವಕಾಶ. ಅದಕ್ಕೇ ಕಲಿಯುವ ಹುಡುಗ ಹುಡುಗಿಯರು ಇಲ್ಲಿನ ಸುಗ್ಗಿ ಮುಗಿಸಿ ಆಗಸ್ಟ್ ಹೊತ್ತಿಗೆ ಫ್ರಾನ್ಸೋ ಕ್ಯಾಲಿಫೋರ್ನಿಯಾವೋ ಸೇರುತ್ತಾರೆ. ವರ್ಷಕ್ಕೆ ಎರಡು ಸುಗ್ಗಿ. ಆಮೇಲೆ ಲ್ಯಾಬ್, ಸಹಾಯಕ ವೈನ್‌ಮೇಕರ್, ಕೊನೆಗೆ ಲೇಬಲ್ಲಿನ ಹಿಂದಿರುವ ವೈನ್‌ಮೇಕರ್. ಅವಸರಕ್ಕೆ ಆಗುವ ಮಾತಲ್ಲ.

ದ್ರಾಕ್ಷಿಯ ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಮುಗಿಯುವಷ್ಟರಲ್ಲಿ ಸುಗ್ಗಿ ಕೆಲಸಕ್ಕೆ ಅರ್ಜಿ ಹಾಕಿಬಿಡಿ. ಹೋಗುವಾಗ ನಿಮ್ಮದೇ ಗಮ್‌ಬೂಟ್ ಒಯ್ಯಿರಿ. ಅಲ್ಲಿರುವ ಜೋಡಿ ನಿಮ್ಮ ಕಾಲಿಗೆ ಸರಿಹೊಂದುವುದು ಅಪರೂಪ.