ನಕ್ಷೆ ಬದಲಾಯಿತು, ಸೈಟಿಗೆ ಗೊತ್ತಾಯಿತೇ?

ತೀರ್ಥಹಳ್ಳಿ ಕಡೆಯ ಒಂದು ಮನೆ ಕೆಲಸ. ಮಾರನೇ ದಿನ ಬೆಳಿಗ್ಗೆ ಸ್ಲ್ಯಾಬ್‌ಗೆ ಕಾಂಕ್ರೀಟ್ ಹಾಕಬೇಕಿತ್ತು. ಸಂಜೆ ಏಣಿ ಹತ್ತಿ ನೋಡಿದೆ. ಮಹಡಿಯ ಬಚ್ಚಲಿಗೆ ಒಂದು ಅಡಿ ತಗ್ಗಿಸುವ ಜಾಗ ಇನ್ನೂ ಪಶ್ಚಿಮದ ಮೂಲೆಯಲ್ಲೇ ಇತ್ತು. ಹದಿನೈದು ದಿನ ಮೊದಲೇ ಅದನ್ನು ಪೂರ್ವಕ್ಕೆ ಬದಲಿಸಿ ಹೊಸ ನಕ್ಷೆ ಕಳಿಸಿದ್ದೆ. ಸ್ಲ್ಯಾಬ್‌ಗೆ ಹಲಗೆ ಹೊಡೆಯುವ ಸೆಂಟ್ರಿಂಗ್ ಮೇಸ್ತ್ರಿ ಕೈಯಲ್ಲಿದ್ದದ್ದು ಹಳೇ ಹಾಳೆ. ಅವರದ್ದು ಬಟನ್ ಫೋನ್. ಹೊಸ ನಕ್ಷೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮರಳಿನ ಲೋಡಿನ ಫೋಟೊ, ಶುಭೋದಯದ ಹೂವುಗಳ ನಡುವೆ ಎಲ್ಲೋ ಹೂತುಹೋಗಿತ್ತು. ಕಟ್ಟಿದ ಕಬ್ಬಿಣ ಬಿಚ್ಚಿ, ಹಲಗೆ ಕಿತ್ತು, ಮತ್ತೆ ಕಟ್ಟಲು ನಾಲ್ಕು ದಿನ ಹಿಡಿಯಿತು. ಕಾಂಕ್ರೀಟ್ ಬಿದ್ದುಬಿಟ್ಟಿದ್ದರೆ? ನೆನೆಸಿಕೊಂಡರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ.

ಹೊಸ ನಕ್ಷೆ ಕಳಿಸುವುದು ಅರ್ಧ ಕೆಲಸ, ಹಳೆಯದನ್ನು ಸೈಟಿನಿಂದ ಎತ್ತುವುದು ಇನ್ನರ್ಧ ಎಂದು ಅವತ್ತು ತಿಳಿಯಿತು. ಶಿವಮೊಗ್ಗ ಸುತ್ತಮುತ್ತಲಿನ ಮನೆ ಕೆಲಸಗಳಲ್ಲಿ ಈಗ ನಾನು ಅನುಸರಿಸುವ ಕ್ರಮ ಇದು. ಬೇಕಾಗುವುದು ಒಂದು ಸ್ಮಾರ್ಟ್‌ಫೋನ್, ಒಂದು ಗೂಗಲ್ ಖಾತೆ, ಹತ್ತಿರದಲ್ಲೊಂದು ಜೆರಾಕ್ಸ್ ಅಂಗಡಿ. ಅಷ್ಟೇ.

1. ಬದಲಾವಣೆ ಒಬ್ಬರ ಕೈಯಿಂದಲೇ ಹೊರಡಲಿ

ಮನೆ ಯಜಮಾನರು ಸಂಜೆ ಸೈಟಿಗೆ ಬರುತ್ತಾರೆ. "ಮೇಸ್ತ್ರಿ, ಈ ಕಿಟಕಿ ಎರಡಡಿ ಆ ಕಡೆ ಹಾಕಿಬಿಡಿ" ಅನ್ನುತ್ತಾರೆ. ಮೇಸ್ತ್ರಿ ಹೂಂ ಅನ್ನುತ್ತಾರೆ. ಆ ಮಾತು ನಕ್ಷೆಗೆ ಬರುವುದೇ ಇಲ್ಲ. ಮರುವಾರ ಎಲೆಕ್ಟ್ರಿಷಿಯನ್ ಬಂದು ಹಳೇ ನಕ್ಷೆ ನೋಡಿ ಗೋಡೆ ಕೊರೆಯುತ್ತಾನೆ. ಯಾರದ್ದೂ ತಪ್ಪಿಲ್ಲ, ಆದರೆ ಗೋಡೆ ಹಾಳು.

ಹಾಗಾಗಿ ಪಾಯ ತೆಗೆಯುವ ಮೊದಲೇ ಒಬ್ಬರನ್ನು ಗೊತ್ತು ಮಾಡಿ. ಇಂಜಿನಿಯರ್ ಆಗಲಿ, ಗುತ್ತಿಗೆದಾರರಾಗಲಿ, ಹೊಸ ನಕ್ಷೆ ಕೊಡುವವರು ಅವರೊಬ್ಬರೇ. ಬಾಯಿ ಮಾತಿನ ಬದಲಾವಣೆ ಬಂದರೆ ಮೇಸ್ತ್ರಿ ಆ ಜಾಗದ ಫೋಟೊ ತೆಗೆದು ಅವರಿಗೆ ಕಳಿಸಬೇಕು. ಹೊಸ ಹಾಳೆ ಬರುವ ತನಕ ಆ ಗೋಡೆ ಬಿಟ್ಟು ಬೇರೆ ಕಡೆ ಕೆಲಸ ಸಾಗಲಿ. ಕಂಬ, ಬೀಮ್ ಅಥವಾ ಭಾರ ಹೊರುವ ಜಂಬಿಟ್ಟಿಗೆ ಗೋಡೆ ಬದಲಾಗುವುದಾದರೆ ಕಟ್ಟಡದ ಭಾರದ ಲೆಕ್ಕ ಹಾಕುವ ಸ್ಟ್ರಕ್ಚರಲ್ ಇಂಜಿನಿಯರ್ ನೋಡದೆ ಮುಂದೆ ಹೋಗಲೇಬೇಡಿ. ಇದರಲ್ಲಿ ರಾಜಿ ಬೇಡ.

2. ಫೈಲಿಗೆ ‘ಫೈನಲ್’ ಎಂದು ಹೆಸರಿಡಬೇಡಿ

‘ಫೈನಲ್’, ‘ಫೈನಲ್ ನ್ಯೂ’, ‘ಲೇಟೆಸ್ಟ್ ಫೈನಲ್’. ಮೂರರಲ್ಲಿ ಹೊಸದು ಯಾವುದು? ಹೇಳಲಾಗದು. ಪ್ರತಿ ನಕ್ಷೆಗೆ ಒಂದು ಸಂಖ್ಯೆ ಇರಲಿ. ಮೊದಲು ಕೊಟ್ಟದ್ದು ಆರ್‌0, ಮೊದಲ ಬದಲಾವಣೆ ಆರ್‌1, ಆಮೇಲೆ ಆರ್‌2. ಆರ್ ಅಂದರೆ ರಿವಿಷನ್, ಪರಿಷ್ಕರಣೆ. ಫೈಲಿನ ಹೆಸರು ಹೀಗಿರಲಿ: ‘ಎಸ್‌05-ಮೊದಲ ಮಹಡಿ ಸ್ಲ್ಯಾಬ್-ಆರ್‌2’. ಎಸ್‌05 ಅಂದರೆ ಸ್ಟ್ರಕ್ಚರಲ್ ನಕ್ಷೆಗಳಲ್ಲಿ ಐದನೆಯದು. ಇದೇ ಸಂಖ್ಯೆ, ತಾರೀಖು ನಕ್ಷೆಯ ಕೆಳಗಿನ ಬಲಮೂಲೆಯ ಚೌಕದಲ್ಲೂ ಇರಬೇಕು. ಪ್ರಿಂಟ್ ಆದ ಮೇಲೆ ಫೈಲಿನ ಹೆಸರು ಯಾರಿಗೂ ಕಾಣುವುದಿಲ್ಲ ಅಲ್ವಾ?

ಕಳಿಸುವುದು ಪಿಡಿಎಫ್ ಆಗಿರಲಿ. ನಾವು ನಕ್ಷೆ ಬರೆಯುವ ಆಟೊಕ್ಯಾಡ್ ತಂತ್ರಾಂಶದ ಫೈಲ್ ತೆರೆಯಲು ಬೇರೆ ಆ್ಯಪ್ ಬೇಕು, ಕೈತಪ್ಪಿ ಗೆರೆ ಸರಿದರೂ ತಿಳಿಯದು.

3. ಏನು ಬದಲಾಯಿತು ಎಂದು ತೋರಿಸಿ

ಆರ್‌1 ಮತ್ತು ಆರ್‌2 ಪಕ್ಕಪಕ್ಕ ಇಟ್ಟು ಹುಡುಕು ಎಂದರೆ ಬಿಸಿಲಲ್ಲಿ ನಿಂತ ಮನುಷ್ಯ ಹುಡುಕುವುದಿಲ್ಲ. ಬದಲಾದ ಜಾಗದ ಸುತ್ತ ಮೋಡದ ಆಕಾರದ ಗೆರೆ ಎಳೆಯಿರಿ. ಪಕ್ಕದಲ್ಲಿ ಸಣ್ಣ ತ್ರಿಕೋನ ಬರೆದು ಅದರೊಳಗೆ 2 ಎಂದು ಹಾಕಿ. ಆಟೊಕ್ಯಾಡ್‌ನಲ್ಲಿ ಇದಕ್ಕೆಂದೇ ‘ರೆವ್‌ಕ್ಲೌಡ್’ ಎಂಬ ಆಜ್ಞೆ ಇದೆ. ಹಿಂದಿನ ಸಲದ ಮೋಡಗಳನ್ನು ಅಳಿಸಿ, ಇಲ್ಲವಾದರೆ ನಕ್ಷೆ ತುಂಬ ಮೋಡವೇ ಆಗುತ್ತದೆ.

ಜೊತೆಗೆ ಕನ್ನಡದಲ್ಲಿ ಒಂದೇ ಸಾಲು ಬರೆಯಿರಿ: ‘ಬಚ್ಚಲು ಪಶ್ಚಿಮದಿಂದ ಪೂರ್ವಕ್ಕೆ. ತಗ್ಗು 300 ಮಿ.ಮೀ., ಅಂದರೆ ಒಂದು ಅಡಿ.’ ನಕ್ಷೆ ಮಿಲಿಮೀಟರಿನಲ್ಲಿರುತ್ತದೆ, ಮೇಸ್ತ್ರಿ ಟೇಪು ಹಿಡಿಯುವುದು ಅಡಿ, ಇಂಚಿನಲ್ಲಿ. ಎರಡನ್ನೂ ಬರೆಯುವುದು ನಮ್ಮ ಕೆಲಸ.

4. ಗೂಗಲ್ ಡ್ರೈವ್‌ನಲ್ಲಿ ಎರಡೇ ಫೋಲ್ಡರ್

ಒಂದರ ಹೆಸರು ‘ಚಾಲ್ತಿ’, ಇನ್ನೊಂದು ‘ಹಳೆಯದು’. ಆರ್‌2 ಬಂದ ಕೂಡಲೇ ಆರ್‌1 ಅನ್ನು ‘ಹಳೆಯದು’ ಫೋಲ್ಡರಿಗೆ ಸರಿಸಿ. ಅಳಿಸಬೇಡಿ, ಬಿಲ್ಲಿನ ಲೆಕ್ಕಕ್ಕೆ ಮುಂದೆ ಬೇಕಾಗುತ್ತದೆ. ‘ಚಾಲ್ತಿ’ ಫೋಲ್ಡರನ್ನು ಮಾತ್ರ ಎಲ್ಲರಿಗೂ ಹಂಚಿ, ಅದೂ ನೋಡಲಷ್ಟೇ ಅನುಮತಿ ಕೊಟ್ಟು. ಗೂಗಲ್ ಖಾತೆಗೆ 15 ಜಿಬಿ ಜಾಗ ಉಚಿತ. ಹತ್ತಾರು ಮನೆಗಳ ಪಿಡಿಎಫ್‌ಗೂ ಅದು ಧಾರಾಳ.

ದೊಡ್ಡ ಯೋಜನೆಗಳಲ್ಲಿ ಮಾಹಿತಿ ಇಡಲು 2018ರಲ್ಲಿ ಬಂದ ಐಎಸ್ಒ 19650 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರಲ್ಲಿ ನಕ್ಷೆಗೆ ನಾಲ್ಕು ಹಂತ: ತಯಾರಾಗುತ್ತಿರುವುದು, ಹಂಚಿದ್ದು, ಕೆಲಸಕ್ಕೆ ಬಿಟ್ಟದ್ದು, ಕಡತಕ್ಕೆ ಸೇರಿದ್ದು. ಮನೆ ಕೆಲಸಕ್ಕೆ ನಾಲ್ಕು ಜಾಸ್ತಿ ಆಯಿತು, ಕೊನೆಯ ಎರಡು ಸಾಕು.

‘ಚಾಲ್ತಿ’ ಫೋಲ್ಡರಿನ ಲಿಂಕಿಗೆ ಕ್ಯೂಆರ್ ಕೋಡ್ ಮಾಡಿಸಿ, ಲ್ಯಾಮಿನೇಟ್ ಮಾಡಿಸಿ, ಸಿಮೆಂಟ್ ಶೆಡ್ಡಿನ ಬಾಗಿಲಿಗೆ ಹಚ್ಚಿ. ಒಳಗಿನ ಫೈಲ್ ಬದಲಾದರೂ ಫೋಲ್ಡರಿನ ಲಿಂಕ್ ಬದಲಾಗುವುದಿಲ್ಲ. ಹೊಸದಾಗಿ ಬಂದ ಪ್ಲಂಬರ್ ಕೂಡ ಫೋನ್ ಹಿಡಿದರೆ ಸಾಕು, ಇವತ್ತಿನ ನಕ್ಷೆ ಕಾಣುತ್ತದೆ. ಇದು ನನಗೆ ತುಂಬಾ ಇಷ್ಟವಾದ ಉಪಾಯ. ಹಾದಿಹೋಕರೂ ಮನೆಯ ನಕ್ಷೆ ನೋಡುವುದು ಬೇಡವೆಂದರೆ ಬಾಗಿಲ ಒಳಬದಿಗೆ ಹಚ್ಚಿ.

ಆದರೆ ಮಲೆನಾಡಿನಲ್ಲಿ ನೆಟ್‌ವರ್ಕ್ ಎಲ್ಲಿದೆ? ಹೊಸನಗರ, ಆಗುಂಬೆ ಕಡೆಯ ಎಷ್ಟೋ ಸೈಟುಗಳಲ್ಲಿ ದಿಬ್ಬ ಹತ್ತಿದರೆ ಮಾತ್ರ ಒಂದು ಕಡ್ಡಿ ಸಿಗುತ್ತದೆ. ಅದಕ್ಕೆ ಡ್ರೈವ್ ಆ್ಯಪ್‌ನಲ್ಲಿ ಫೈಲಿನ ಪಕ್ಕದ ಮೂರು ಚುಕ್ಕಿ ಒತ್ತಿ, ಆಫ್‌ಲೈನ್‌ನಲ್ಲೂ ಸಿಗುವಂತೆ ಮಾಡಿಕೊಳ್ಳಿ. ಒಂದು ಎಚ್ಚರ: ಹೀಗೆ ಉಳಿಸಿಕೊಂಡ ಆರ್‌1, ಆರ್‌2 ಬಂದರೂ ಆರ್‌1 ಆಗಿಯೇ ಇರುತ್ತದೆ. ಬೆಳಿಗ್ಗೆ ಪೇಟೆ ದಾಟುವ ಮೊದಲು ಒಮ್ಮೆ ಫೋಲ್ಡರ್ ತೆರೆದು ನೋಡಿ, ಹೊಸದಿದ್ದರೆ ಅದನ್ನೂ ಹೀಗೆ ಉಳಿಸಿಕೊಳ್ಳುವುದು ಅಭ್ಯಾಸವಾಗಲಿ.

5. ವಾಟ್ಸ್‌ಆ್ಯಪ್ ಬೇಕು, ಆದರೆ ಬೇರೆ ಗುಂಪಿನಲ್ಲಿ

ನಕ್ಷೆಗಷ್ಟೇ ಒಂದು ಗುಂಪು ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಇಡಿ. ಮರಳು, ಜಲ್ಲಿ, ಸಂಬಳದ ಮಾತು ಹಳೇ ಗುಂಪಿನಲ್ಲೇ ನಡೆಯಲಿ. ಹೊಸ ನಕ್ಷೆಯ ಸಂದೇಶವನ್ನು ಪಿನ್ ಮಾಡಿದರೆ 30 ದಿನದವರೆಗೂ ಮೇಲೆಯೇ ನಿಲ್ಲುತ್ತದೆ.

ನಕ್ಷೆಯನ್ನು ಫೋಟೊ ತೆಗೆದು ಕಳಿಸಬೇಡಿ. ವಾಟ್ಸ್‌ಆ್ಯಪ್ ಫೋಟೊವನ್ನು ಕುಗ್ಗಿಸುತ್ತದೆ, 3 ಯಾವುದು 8 ಯಾವುದು ತಿಳಿಯುವುದಿಲ್ಲ. ಪಿಡಿಎಫ್ ಅನ್ನು ‘ಡಾಕ್ಯುಮೆಂಟ್’ ಎಂದೇ ಕಳಿಸಿ, ಇದ್ದ ಹಾಗೇ ಹೋಗುತ್ತದೆ.

ನೀಲಿ ಟಿಕ್ ಬಂತು ಎಂದು ಸುಮ್ನೆ ಕೂರಬೇಡಿ. ಫೋನ್ ಮಾಡಿ, ಬದಲಾದ ಅಳತೆಯನ್ನು ಅವರ ಬಾಯಲ್ಲೇ ಹೇಳಿಸಿ. "ಸಾರ್, ಬಚ್ಚಲು ಪೂರ್ವದ ಮೂಲೆಗೆ, ಒಂದಡಿ ತಗ್ಗು, ಸರಿನಾ?" ಎಂದು ಅವರೇ ಹೇಳಿದರೆ ವಿಷಯ ತಲುಪಿತು ಎಂದರ್ಥ. ಓದು ಬರಹ ಕಡಿಮೆ ಇರುವವರಿಗೆ ಇದರಿಂದ ಸಂಕೋಚವೂ ಆಗುವುದಿಲ್ಲ. ಬಾರ್ ಬೆಂಡಿಂಗ್‌ಗೆ, ಅಂದರೆ ಕಬ್ಬಿಣ ಬಗ್ಗಿಸಿ ಕಟ್ಟಲು, ಉತ್ತರ ಭಾರತದವರು ಬಂದಿದ್ದರೆ ಹಿಂದಿಯಲ್ಲಿ ಒಂದು ವಾಯ್ಸ್ ಮೆಸೇಜ್ ಹಾಕಿಸಿ.

6. ಹಳೇ ಹಾಳೆ ವಾಪಸ್ ತನ್ನಿ

ಸಿಮೆಂಟ್ ಕೈಯಲ್ಲಿ ಫೋನ್ ಮುಟ್ಟಲಾಗದು. ಮಳೆಯಲ್ಲಂತೂ ಬೇಡವೇ ಬೇಡ. ಹಾಗಾಗಿ ಕಾಗದ ಇದ್ದೇ ಇರುತ್ತದೆ. ಯಾರಿಗೆ ಎಷ್ಟು ಪ್ರತಿ ಕೊಟ್ಟಿದ್ದೀರಿ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ: ಗಾರೆ ಮೇಸ್ತ್ರಿ, ಸೆಂಟ್ರಿಂಗ್, ಬಾರ್ ಬೆಂಡರ್, ಪ್ಲಂಬರ್, ಎಲೆಕ್ಟ್ರಿಷಿಯನ್, ಮನೆಯವರು. ಆರ್‌2 ಆರು ಪ್ರತಿ ಕೊಡುವಾಗ ಆರ್‌1 ಆರು ಪ್ರತಿ ಕೈಗೆ ಬರಬೇಕು. ಐದೇ ಬಂದರೆ ಆರನೆಯದನ್ನು ಹುಡುಕಿ. ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿರುತ್ತಾರೆ, ಇಲ್ಲವೇ ಊಟದ ಬುತ್ತಿಯ ಅಡಿಗೆ ಹಾಸಿರುತ್ತಾರೆ. ಸಿಕ್ಕಿದ್ದಕ್ಕೆಲ್ಲ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಹೊಡೆಯಿರಿ.

ಎ1 ಹಾಳೆಯ ನಕ್ಷೆಯನ್ನು ಎ3ಗೆ ಇಳಿಸಿ ಪ್ರಿಂಟ್ ತೆಗೆದರೆ ಅಳತೆ ಅರ್ಧವಾಗುತ್ತದೆ. 1:50 ಎಂದಿದ್ದದ್ದು ನಿಜದಲ್ಲಿ 1:100 ಆಗಿರುತ್ತದೆ. ಸ್ಕೇಲ್ ಇಟ್ಟು ಅಳೆಯದೆ, ಬರೆದ ಅಂಕಿಯನ್ನಷ್ಟೇ ನಂಬಲು ಎಲ್ಲರಿಗೂ ಹೇಳಿ.

ಮೇ ತಿಂಗಳು ಬಂತೆಂದರೆ ನಮ್ಮಲ್ಲಿ ಎಲ್ಲರಿಗೂ ಅವಸರ. ಮಳೆ ಹಿಡಿಯುವ ಮೊದಲು ಸ್ಲ್ಯಾಬ್ ಬೀಳಬೇಕು. ಇಂಥ ಹೊತ್ತಿನಲ್ಲೇ ಹಳೇ ಹಾಳೆ ಕೈಕೊಡುವುದು. ಅದಕ್ಕೆ ಶೆಡ್ಡಿನ ಗೋಡೆಗೆ ಒಂದು ಕಪ್ಪು ಹಲಗೆ ತೂಗುಹಾಕಿ, ಚಾಲ್ತಿಯಲ್ಲಿರುವ ನಕ್ಷೆಗಳ ಸಂಖ್ಯೆ ಸೀಮೆಸುಣ್ಣದಲ್ಲಿ ಬರೆದಿಡಿ. ಕಾಂಕ್ರೀಟಿನ ಹಿಂದಿನ ಸಂಜೆ ಹಲಗೆ, ಕೈಯಲ್ಲಿರುವ ಹಾಳೆ, ಫೋನಿನ ಫೋಲ್ಡರ್ ಮೂರೂ ತಾಳೆ ನೋಡಿ. ಹತ್ತು ನಿಮಿಷ ಸಾಕು.

ಅಪಾರ್ಟ್‌ಮೆಂಟ್, ಆಸ್ಪತ್ರೆಯಂಥ ದೊಡ್ಡ ಕಟ್ಟಡವಾದರೆ ಫೀಲ್ಡ್‌ವೈರ್, ಆಟೊಡೆಸ್ಕ್ ಬಿಲ್ಡ್‌ನಂಥ ಆ್ಯಪ್‌ಗಳಿವೆ. ನಕ್ಷೆಯ ಮೇಲೆಯೇ ಗುರುತು ಹಾಕಿ ಕೆಲಸ ಹಂಚಬಹುದು, ಹೊಸ ನಕ್ಷೆ ಹಾಕಿದರೆ ಹಳೆಯದು ತಾನಾಗಿ ಹಿಂದೆ ಸರಿಯುತ್ತದೆ. ಒಂದೆರಡು ಮಹಡಿಯ ಮನೆಗೆ ಅದರ ಖರ್ಚು ಬೇಡ.

ಮನೆ ಮುಗಿದ ಮೇಲೆ ಇನ್ನೊಂದು ಕೆಲಸ ಇದೆ. ನಿಜಕ್ಕೂ ಕಟ್ಟಿದ ಹಾಗೆ, ಪೈಪು ಮತ್ತು ವೈರು ಹೋದ ದಾರಿ ಸಮೇತ ಕೊನೆಯ ನಕ್ಷೆಗಳನ್ನು ಮನೆಯವರ ಖಾತೆಗೇ ಹಾಕಿಕೊಡಿ. ಗೋಡೆಗೆ ಗಾರೆ ಬಳಿಯುವ ಮುಂಚೆ ತೆಗೆದ ಪೈಪಿನ ಫೋಟೊಗಳನ್ನೂ ಸೇರಿಸಿ. ಹತ್ತು ವರ್ಷದ ನಂತರ ಗೀಸರ್ ಹಾಕಲು ಬಂದವನು ಡ್ರಿಲ್ ಹಿಡಿಯುವ ಮೊದಲು ಕೇಳುವುದು ಅದನ್ನೇ.