ಮಂತ್ರ ಮಾಂಗಲ್ಯ ಆದ್ರೂ ಸ್ಪೆಷಲ್ ಮ್ಯಾರೇಜ್ ಆಕ್ಟೇ ಯಾಕೆ: ನನ್ನ ಅನುಭವ

2022ರಲ್ಲಿ ನಮ್ಮ ಮದುವೆ. ಜಾತಿ ಬೇರೆ ಬೇರೆ. ಪುರೋಹಿತರು, ಮುಹೂರ್ತ, ಕೊಡೋದು ತಗೊಳ್ಳೋದು ಏನೂ ಬೇಡ, ಕುವೆಂಪು ಅವರು ತೇಜಸ್ವಿ ಮದುವೆಗೆ ಅಂತ ರೂಪಿಸಿದ ಮಂತ್ರ ಮಾಂಗಲ್ಯದ ಥರಾನೇ ಆಗೋಣ ಅಂತ ಇಬ್ರೂ ಮೊದ್ಲೇ ಮಾತಾಡ್ಕೊಂಡಿದ್ವಿ. ಆಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಹಿಂದೂ ಮ್ಯಾರೇಜ್ ಆಕ್ಟಲ್ಲಿ ರಿಜಿಸ್ಟರ್ ಮಾಡಿಸಿದ್ರೆ ಆಯ್ತು ಅನ್ಕೊಂಡಿದ್ದೆ.

ಪರಿಚಯದ ಲಾಯರ್ ಒಬ್ರು ತಡೆದ್ರು. 1955ರ ಆ ಕಾಯ್ದೆ ಪ್ರಕಾರ ಹುಡುಗನ ಕಡೆದೋ ಹುಡುಗಿ ಕಡೆದೋ ಸಂಪ್ರದಾಯದ ಶಾಸ್ತ್ರ ನಡೆದಿರ್ಬೇಕು, ಶಾಸ್ತ್ರವೇ ಇಲ್ದೆ ಆದ ಮದುವೆನ ನಾಳೆ ಆಸ್ತಿ ವಿಷಯದಲ್ಲಿ ಯಾರಾದ್ರೂ ಪ್ರಶ್ನೆ ಮಾಡಿದ್ರೆ ನೀವೇ ಕೋರ್ಟಿಗೆ ಅಲೀಬೇಕು ಅಂದ್ರು. ತಮಿಳುನಾಡಲ್ಲಿ 1967ರಲ್ಲೇ ತಿದ್ದುಪಡಿ ತಂದು, ಪುರೋಹಿತರಿಲ್ದೆ ಆಗೋ ಸ್ವಾಭಿಮಾನ ಮದುವೆಗೆ ಕಾನೂನಿನ ಮಾನ್ಯತೆ ಕೊಟ್ಟಿದ್ದಾರೆ, ನಮ್ಮಲ್ಲಿ ಮಂತ್ರ ಮಾಂಗಲ್ಯಕ್ಕೆ ಹಾಗೆ ಒಂದು ಸೆಕ್ಷನ್ ಇಲ್ಲ. ಇಷ್ಟು ಜನ ಹೆಮ್ಮೆಯಿಂದ ಮಾಡ್ಕೊಳ್ಳೋ ಪದ್ಧತಿಗೆ ನಮ್ಮ ಸರ್ಕಾರ ಇದನ್ನ ಮಾಡ್ಲೇಬೇಕು ಅಂತ ನನ್ನ ಅಭಿಪ್ರಾಯ. 2024ರಲ್ಲಿ ಸುಪ್ರೀಂ ಕೋರ್ಟೂ ಶಾಸ್ತ್ರ ನಡೀದೆ ಬರೀ ಸರ್ಟಿಫಿಕೇಟ್ ಇದ್ರೆ ಅದು ಹಿಂದೂ ಮದುವೆ ಆಗಲ್ಲ ಅಂತ ಹೇಳ್ತು. ಅದನ್ನ ಓದಿದಾಗ ಲಾಯರ್ ಮಾತು ಕೇಳಿದ್ದು ಒಳ್ಳೇದಾಯ್ತು ಅನ್ನಿಸ್ತು.

ಹಾಗಾಗಿ, ಯಾವ ಶಾಸ್ತ್ರಾನೂ ಇಲ್ದೆ ಅಧಿಕಾರಿ ಎದುರಿಗೇ ಮದುವೆ ಆಗೋಕೆ ಬಿಡೋ 1954ರ ಸ್ಪೆಷಲ್ ಮ್ಯಾರೇಜ್ ಆಕ್ಟ್. ಪೇಪರ್ ಕೆಲಸ ಏನೂ ಕಷ್ಟ ಇಲ್ಲ, ವಯಸ್ಸಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಆಧಾರ್, ಬಾಡಿಗೆ ಅಗ್ರಿಮೆಂಟು, ಫೋಟೋ. ಇಬ್ಬರಲ್ಲಿ ಒಬ್ರಾದ್ರೂ ಆ ಜಿಲ್ಲೇಲಿ 30 ದಿನ ವಾಸ ಇದ್ದಿರ್ಬೇಕು. ಕಷ್ಟ ಇರೋದು ಮದುವೆ ಆಗ್ತೀವಿ ಅಂತ ಮೊದ್ಲೇ ಕೊಡ್ಬೇಕಾದ ನೋಟಿಸಲ್ಲಿ. ನಮ್ಮ ಹೆಸರು, ವಿಳಾಸ ಎಲ್ಲಾ ಬರ್ದು ಆಫೀಸಿನ ಬೋರ್ಡಿಗೆ ಅಂಟಿಸ್ತಾರೆ, 30 ದಿನದಲ್ಲಿ ಯಾರು ಬೇಕಾದ್ರೂ ಆಕ್ಷೇಪಣೆ ಹಾಕ್ಬಹುದು. ಅಲಹಾಬಾದ್ ಹೈಕೋರ್ಟ್ 2021ರಲ್ಲಿ ಜೋಡಿ ಬೇಡ ಅಂದ್ರೆ ನೋಟಿಸ್ ಪ್ರಕಟ ಮಾಡ್ಬೇಕಿಲ್ಲ ಅಂದಿತ್ತು, ಆ ತೀರ್ಪಿನ ಪ್ರಿಂಟ್ ತಗೊಂಡು ಹೋಗಿ ತೋರಿಸ್ದೆ, ಅದು ಆ ರಾಜ್ಯದ್ದು ಇಲ್ಲಿ ನಡೆಯಲ್ಲ ಅಂದ್ರು.

ನಮಗೆ ಗೊತ್ತಿಲ್ದೇ ಇದ್ದಿದ್ದು ಇನ್ನೊಂದು. ಖಾಯಂ ವಿಳಾಸ ಬೇರೆ ಜಿಲ್ಲೇದಾದ್ರೆ ನೋಟಿಸಿನ ಕಾಪಿ ಅಲ್ಲಿಗೂ ಹೋಗುತ್ತೆ, ಅಲ್ಲೂ ಅಂಟಿಸ್ತಾರೆ. ನನ್ನ ಹೆಂಡ್ತಿ ಊರಿನ ಕಡೆಯವರು ಯಾರೋ ಜಮೀನು ಕೆಲಸಕ್ಕೆ ಅಂತ ಆ ಆಫೀಸಿಗೆ ಹೋದವರು ನೋಡಿ ಫೋಟೋ ತೆಗೆದು ಅವಳ ದೊಡ್ಡಪ್ಪಂಗೆ ವಾಟ್ಸಾಪ್ ಮಾಡಿದ್ರು, ಅವತ್ತು ರಾತ್ರಿಯಿಂದ ಫೋನೋ ಫೋನು, ಇವಳು ಎರಡು ವಾರ ಗೆಳತಿ ಮನೇಲಿದ್ದು ಅಲ್ಲಿಂದಾನೇ ಕೆಲಸಕ್ಕೆ ಹೋಗ್ತಿದ್ಲು. ದೊಡ್ಡಪ್ಪ ಆಫೀಸಿಗೂ ಬಂದ್ರು. ಅಲ್ಲಿ ಅಧಿಕಾರಿ ಮಾತ್ರ ಗಟ್ಟಿಯಾಗಿ ಹೇಳಿದ್ರು, ಮೊದಲ ಮದುವೆ ಇನ್ನೂ ಇದ್ರೆ, ವಯಸ್ಸು ಕಮ್ಮಿ ಇದ್ರೆ, ಮಾನಸಿಕವಾಗಿ ಒಪ್ಪಿಗೆ ಕೊಡೋ ಸ್ಥಿತೀಲಿ ಇಲ್ದಿದ್ರೆ, ತೀರಾ ಹತ್ರದ ರಕ್ತಸಂಬಂಧ ಆದ್ರೆ ಬರ್ದು ಕೊಡಿ ಯಜಮಾನ್ರೇ, ಜಾತಿ ಅನ್ನೋ ಕಾರಣ ಕಾಯ್ದೇಲಿ ಇಲ್ಲ ಅಂತ. ಅವರಿಗೆ ನಾನು ಇವತ್ತಿಗೂ ಋಣಿ.

ಸರ್ಕಾರ ವಯಸ್ಸು ನೋಡ್ಲಿ, ಮೊದಲ ಮದುವೆ ಇದ್ಯಾ ಚೆಕ್ ಮಾಡ್ಲಿ, ಅದು ಬೇಕು. ಆದ್ರೆ ಕಲ್ಯಾಣ ಮಂಟಪದಲ್ಲಿ ಆಗೋ ಮದುವೆಗೆ ಇಲ್ದೇ ಇರೋ ನೋಟಿಸು, ಮನೆಯವರ ವಿರೋಧ ಇರೋ ಜೋಡಿಗೇ ಯಾಕೆ? ಆ 30 ದಿನದಲ್ಲಿ ಹುಡುಗೀನ ಎಳ್ಕೊಂಡು ಹೋದ್ರೆ ಯಾರು ಹೊಣೆ?

31ನೇ ದಿನಾನೇ ಹೋದ್ವಿ, ಮೂರು ಜನ ಸಾಕ್ಷಿ. ಒಬ್ರಿಗೊಬ್ರು ಹೇಳೋ ಮಾತು ನಮಗೆ ಅರ್ಥ ಆಗೋ ಯಾವ ಭಾಷೇಲಾದ್ರೂ ಇರ್ಬಹುದು ಅಂತ ಕಾಯ್ದೇಲೇ ಇದೆ, ಕನ್ನಡದಲ್ಲೇ ಹೇಳಿದ್ವಿ, ಅವಳ ದನಿ ನಡುಗ್ತಿತ್ತು. ಮುಂದಿನ ಭಾನುವಾರ 80 ಜನರ ಎದುರಿಗೆ ಮಂತ್ರ ಮಾಂಗಲ್ಯ ಆಯ್ತು.

ಈ ದಾರೀಲಿ ಹೋಗೋರಿಗೆ ಹೇಳೋದು, ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗ್ಬೇಕು, ಇಲ್ಲಾಂದ್ರೆ ಮತ್ತೆ ಮೊದ್ಲಿಂದ. ಇನ್ನೊಂದು, ಅಪಾಯ ಇಲ್ಲ ಅಂತ ಗ್ಯಾರಂಟಿ ಇದ್ರೆ ನೋಟಿಸಿಗೆ ಮುಂಚೆನೇ ಮನೇಲಿ ನೀವೇ ಹೇಳಿ. ನಮ್ಮ ಅತ್ತೆಗೆ ಮಗಳ ಮದುವೆ ವಿಷಯ ಬೇರೆ ಯಾರೋ ಕಳ್ಸಿದ ಫೋಟೋದಿಂದ ಗೊತ್ತಾಯ್ತು, ಅದನ್ನ ಅವರು ಈಗ್ಲೂ ಮರೆತಿಲ್ಲ.