ಇಂಗ್ಲೆಂಡಿನಲ್ಲಿ ಮನೆ ಹುಡುಕುವಾಗ ಕಲಿತ ಮಾತುಗಳು

ಚಿಕ್ಕಮಗಳೂರಿಗೆ ಬಂದಾಗೆಲ್ಲ ಇಂಗ್ಲೆಂಡಿಗೆ ಹೊರಟವರು ಯಾರಾದರೂ ಸಿಗುತ್ತಾರೆ. ನರ್ಸ್ ಕೆಲಸಕ್ಕೆ, ಓದೋಕೆ, ಸಾಫ್ಟ್‌ವೇರ್‌ಗೆ. "ಅಕ್ಕ, ಅಲ್ಲಿ ಮನೆ ಹೆಂಗೆ ಹುಡುಕೋದು?" ಅಂತ ಕೇಳುತ್ತಾರೆ. ಇಂಗ್ಲಿಷ್ ಹೆಂಗೂ ಬರುತ್ತಲ್ಲ ಅಂತ ಧೈರ್ಯವೂ ಇರುತ್ತದೆ. ಗೊತ್ತಿಲ್ಲದ ಪದ ಬಂದರೆ ಪರವಾಗಿಲ್ಲ, ಕೇಳಿ ತಿಳಿದುಕೊಳ್ಳುತ್ತೇವೆ. ನಮ್ಮೂರಲ್ಲೇ ದಿನಾ ಬಳಸುವ ಪದ ಅಲ್ಲಿ ಬೇರೆ ಅರ್ಥದಲ್ಲಿ ಬಂದಾಗ ಮಾತ್ರ ಯಾರೂ ಕೇಳೋದಿಲ್ಲ. ಆದ್ದರಿಂದ ಅಂಥ ಪದಗಳನ್ನೇ ಮೊದಲು ಹೇಳುತ್ತೇನೆ.

ಲೀಸ್ ಅಂದರೆ ನಮ್ಮಲ್ಲಿ ಭೋಗ್ಯ. ಒಂದಿಷ್ಟು ಲಕ್ಷ ಕೊಟ್ಟು ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರೋದು, ಬಿಡುವಾಗ ದುಡ್ಡು ವಾಪಸ್ ತಗೊಳ್ಳೋದು. ಇಂಗ್ಲೆಂಡಿನ ಲೀಸ್‌ಹೋಲ್ಡ್ ಅದಲ್ಲ. ಫ್ಲ್ಯಾಟಿಗೆ ಪೂರ್ತಿ ಬೆಲೆ ಕೊಟ್ಟರೂ ಅದು ನಮ್ಮದಾಗಿರೋದು ಇಂತಿಷ್ಟು ವರ್ಷ ಮಾತ್ರ. 99 ಇರಬಹುದು, 125 ಇರಬಹುದು, 999 ಇರಬಹುದು. ನೆಲದ ಒಡೆಯ ಬೇರೆಯೇ ಇರುತ್ತಾನೆ, ಅವನು ಫ್ರೀಹೋಲ್ಡರ್. ಕಟ್ಟಡದ ರಿಪೇರಿಗೆ ಸರ್ವಿಸ್ ಚಾರ್ಜ್ ಕಟ್ಟಬೇಕು. ಹಳೆಯ ಲೀಸಾದರೆ ಗ್ರೌಂಡ್ ರೆಂಟ್, ಅಂದರೆ ನೆಲದ ಬಾಡಿಗೆ, ಕೂಡ ಇರಬಹುದು. 2022ರ ಜೂನ್ 30ರಿಂದ ಆಗುವ ಬಹುತೇಕ ಹೊಸ ಲೀಸುಗಳಿಗೆ ಅದು ಇಲ್ಲ. ಲೀಸಿನಲ್ಲಿ 80 ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಬ್ಯಾಂಕಿನವರು ಹಿಂದೆ ಮುಂದೆ ನೋಡುತ್ತಾರೆ. ಹಾಗಾಗಿ ಫ್ಲ್ಯಾಟ್ ನೋಡಲು ಹೋದರೆ ಲೀಸ್ ಎಷ್ಟು ವರ್ಷ ಉಳಿದಿದೆ ಅಂತ ಮೊದಲೇ ಕೇಳಿ. ಅಡುಗೆಮನೆ ಆಮೇಲೆ ನೋಡಿದರಾಯಿತು.

ಎಸ್ಟೇಟ್ ಅಂದರೆ ನಮಗೆ ಕಾಫಿ ತೋಟ. ಅಲ್ಲಿ ಎಸ್ಟೇಟ್ ಏಜೆಂಟ್ ಅಂದರೆ ಮನೆ ಮಾರಾಟದ ದಲ್ಲಾಳಿ. ಅವನಿಗೆ ಕಮಿಷನ್ ಕೊಡೋದು ಮಾರುವವರು, ಅವನು ಅವರ ಕಡೆಯವನು. ಇದು ಮನಸ್ಸಲ್ಲಿರಲಿ. ಬಂಗ್ಲೆ ಅಂದರೆ ನಮ್ಮ ಕಣ್ಣಮುಂದೆ ತೋಟದ ಸಾಹುಕಾರರ ದೊಡ್ಡ ಮನೆ ಬರುತ್ತದೆ. ಅಲ್ಲಿ ಬಂಗಲೋ ಅಂದರೆ ಮಹಡಿ ಇಲ್ಲದ ಮನೆ, ಪುಟ್ಟದೂ ಇರಬಹುದು. ಟೆರೇಸ್ಡ್ ಮನೆಗೂ ನಾವು ಬಟ್ಟೆ ಒಣಹಾಕುವ ಟೆರೇಸಿಗೂ ಸಂಬಂಧವಿಲ್ಲ. ವಠಾರದ ಹಾಗೆ ಎರಡೂ ಪಕ್ಕದ ಗೋಡೆ ಅಂಟಿಕೊಂಡ ಸಾಲುಮನೆ ಅದು. ಒಂದೇ ಪಕ್ಕ ಅಂಟಿದ್ದರೆ ಸೆಮಿ.

ಇವನ್ನೆಲ್ಲ ನಾನು ಕಲಿತದ್ದು ಫೋನಿನಲ್ಲಿ, ಅಪ್ಪನಿಗೆ ವಿವರಿಸುತ್ತಾ. ಅಪ್ಪ ಮೂಡಿಗೆರೆಯಲ್ಲಿ ಪತ್ರ ಬರೆಯುವವರು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದೇ ನಮ್ಮನ್ನು ಸಾಕಿದರು. ನಾನು ಯಾವ ಹೊಸ ಪದ ಹೇಳಿದರೂ ಅವರು ಕೇಳುತ್ತಿದ್ದದ್ದು ಇಷ್ಟೇ: "ಖಾತೆ ಯಾರ ಹೆಸರಲ್ಲಿದೆ? ಕಂದಾಯ ಯಾರು ಕಟ್ಟಬೇಕು? ಮಾತು ಮುರಿದರೆ ದುಡ್ಡು ಯಾರಿಗೆ ಹೋಗುತ್ತೆ?" ಈ ಪ್ರಶ್ನೆಗಳಿಗೆ ಉತ್ತರ ಹೇಳೋಕೆ ಬಂದರೆ ಪದ ಅರ್ಥವಾಗಿದೆ ಅಂತ. ಬರದಿದ್ದರೆ ಮಾರನೇ ದಿನ ಏಜೆಂಟಿಗೋ ವಕೀಲರಿಗೋ ಫೋನ್ ಮಾಡಿ ಕೇಳುತ್ತಿದ್ದೆ.

ನಾಟಿಂಗ್‌ಹ್ಯಾಮಿನಲ್ಲಿ ನಮ್ಮ ಆಫರನ್ನು ಮಾರುವವರು ಒಪ್ಪಿದ ದಿನ ಖುಷಿಯಿಂದ ಊರಿಗೆ ಫೋನ್ ಮಾಡಿದ್ದೆ.

"ಅಡ್ವಾನ್ಸ್ ಎಷ್ಟು ಕೊಟ್ರಿ?" ಅಂದರು ಅಪ್ಪ.

"ಇನ್ನೂ ಏನೂ ಕೊಟ್ಟಿಲ್ಲಪ್ಪ."

"ಹಂಗಾದ್ರೆ ಏನೂ ಆಗಿಲ್ಲ ಬಿಡಮ್ಮ."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಕಾಂಟ್ರಾಕ್ಟ್ ಎಕ್ಸ್‌ಚೇಂಜ್ ಆಗುವ ತನಕ, ಅಂದರೆ ಎರಡೂ ಕಡೆಯವರು ಸಹಿ ಮಾಡಿದ ಕರಾರನ್ನು ವಕೀಲರು ಅದಲು ಬದಲು ಮಾಡಿಕೊಳ್ಳುವ ತನಕ, ಇಬ್ಬರಲ್ಲಿ ಯಾರು ಬೇಕಾದರೂ ಹಿಂದೆ ಸರಿಯಬಹುದು. ಮನೆ ಮುಂದೆ "ಸೋಲ್ಡ್ ಎಸ್‌ಟಿಸಿ" (ಕರಾರಿಗೆ ಒಳಪಟ್ಟು ಮಾರಾಟವಾಗಿದೆ) ಅಂತ ಬೋರ್ಡ್ ನಿಂತಿದ್ದರೂ ಅಷ್ಟೇ. ನಡುವೆ ಬೇರೆಯವರು ಜಾಸ್ತಿ ಕೊಡುತ್ತೇವೆ ಅಂದು, ಮಾರುವವರು ಅತ್ತ ವಾಲಿದರೆ ಅದಕ್ಕೆ ಗಜಂಪಿಂಗ್ ಅನ್ನುತ್ತಾರೆ. ಎಕ್ಸ್‌ಚೇಂಜ್ ದಿನ ಸಾಮಾನ್ಯವಾಗಿ ಬೆಲೆಯ ಶೇ. 10ರಷ್ಟು ಕಟ್ಟುತ್ತೇವೆ. ನಮ್ಮ ಕ್ರಯದ ಕರಾರಿಗೆ ಸಮ ಅಂದರೆ ಅದು. ಆಮೇಲೆ ನಾವು ಬೇಡ ಅಂದರೆ ಆ ದುಡ್ಡು ಹೋದ ಹಾಗೇ. ಬಾಕಿ ಹಣ ಸಂದು ಕೀಲಿ ಕೈಗೆ ಬರುವ ದಿನ ಕಂಪ್ಲೀಷನ್. ಸ್ಕಾಟ್ಲೆಂಡಿನ ಪದ್ಧತಿಯೇ ಬೇರೆ, ಅಲ್ಲಿಗೆ ಹೋಗುವವರು ಇದನ್ನು ನಂಬಿ ಕೂರಬೇಡಿ.

ಚೈನ್ ಅನ್ನೋದು ಅಪ್ಪನಿಗೂ ಹೊಸದು. ನಮಗೆ ಮಾರುವವರು ಇನ್ನೊಂದು ಮನೆ ಕೊಳ್ಳುತ್ತಿರುತ್ತಾರೆ, ಆ ಮನೆಯವರು ಮತ್ತೊಂದನ್ನು. ಒಬ್ಬರ ಲೋನ್ ನಿಂತರೆ ಎಲ್ಲರದೂ ನಿಲ್ಲುತ್ತದೆ. ಅದಕ್ಕೇ ಜಾಹೀರಾತಿನಲ್ಲಿ "ನೋ ಆನ್ವರ್ಡ್ ಚೈನ್" ಅಂತ ಕಂಡರೆ ಜನ ಮುಗಿಬೀಳುತ್ತಾರೆ.

ಇಸಿ (ಆಸ್ತಿಯ ಮೇಲೆ ಸಾಲ ಇದೆಯಾ ಅಂತ ತೋರಿಸುವ ಋಣಭಾರ ಪತ್ರ) ತೆಗೆಸಿದ್ರಾ ಅಂತ ಅಪ್ಪ ಕೇಳದೆ ಬಿಡುವವರಲ್ಲ. ಅಲ್ಲಿ ಆ ಕೆಲಸವನ್ನು ಸಾಲಿಸಿಟರ್ (ವಕೀಲರು) ಅಥವಾ ಕನ್ವೇಯನ್ಸರ್ (ಆಸ್ತಿ ವರ್ಗಾವಣೆಯ ಕಾಗದಪತ್ರ ನೋಡುವವರು) ಮಾಡುತ್ತಾರೆ. ಯಾರ ಹೆಸರಲ್ಲಿದೆ, ಯಾವ ಬ್ಯಾಂಕಿನ ಸಾಲವಿದೆ ಅನ್ನೋದು ಲ್ಯಾಂಡ್ ರಿಜಿಸ್ಟ್ರಿಯ ದಾಖಲೆಯಲ್ಲಿ ಸಿಗುತ್ತದೆ. ನಾವು ಭೂಮಿ ತಂತ್ರಾಂಶದಲ್ಲಿ ಯಾರ ಪಹಣಿ ಬೇಕಾದರೂ ನೋಡುವ ಹಾಗೆ, ಅಲ್ಲಿಯೂ ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ತೆಗೆಯಬಹುದು. ಕೆಂಪು ಗೆರೆ ಎಳೆದ ನಕ್ಷೆಯನ್ನೂ ಹೀಗೇ ಬೇರೆಯಾಗಿ ತೆಗೆಯಬಹುದು. ಅದನ್ನು ಅಪ್ಪನಿಗೆ ಕಳಿಸಿದೆ. "ಚಕ್ಕುಬಂದಿ ಎಲ್ಲಮ್ಮ? ಹಿಂದಿನ ಬೇಲಿ ಯಾರದು?" ಅಂದರು. ಆ ಗೆರೆ ಗಡಿಯನ್ನು ಅಂದಾಜಿಗೆ ತೋರಿಸುತ್ತದೆಯೇ ಹೊರತು ಅಡಿ ಲೆಕ್ಕದ ಅಳತೆ ಅಲ್ಲ. ಬೇಲಿಯ ವಿಚಾರವನ್ನು ಸಾಲಿಸಿಟರ್ ಮೂಲಕ ಮಾರುವವರ ಹತ್ತಿರ ಬರಹದಲ್ಲೇ ಕೇಳಿಸಿದೆ.

ಬಾಡಿಗೆಗೆ ಹೋಗುವವರಿಗೆ ಎರಡು ಮಾತು. ಪಿಸಿಎಂ ಅಂದರೆ ತಿಂಗಳಿಗೆ, ಪಿಡಬ್ಲ್ಯೂ ಅಂದರೆ ವಾರಕ್ಕೆ. ವಾರಕ್ಕೆ 200 ಪೌಂಡ್ ಅಂದರೆ ತಿಂಗಳಿಗೆ 800 ಅಲ್ಲ, ಸುಮಾರು 867. ವರ್ಷಕ್ಕೆ 52 ವಾರ ಅಲ್ವಾ? ಕೌನ್ಸಿಲ್ ಟ್ಯಾಕ್ಸ್ ನಮ್ಮ ಮನೆ ಕಂದಾಯದ ಹಾಗೆ ಕೇಳಿಸಿದರೂ ಮನೆಯನ್ನು ಪೂರ್ತಿ ಬಾಡಿಗೆಗೆ ಹಿಡಿದರೆ ಸಾಮಾನ್ಯವಾಗಿ ಅದನ್ನು ಕಟ್ಟೋದು ಬಾಡಿಗೆದಾರರು. ಬಜೆಟ್ ಹಾಕುವಾಗ ಸೇರಿಸಿಕೊಳ್ಳಿ. ಇಂಗ್ಲೆಂಡಿನಲ್ಲಿ ಡಿಪಾಸಿಟ್ ಹೆಚ್ಚಿನ ಮನೆಗಳಿಗೆ ಐದು ವಾರದ ಬಾಡಿಗೆ ಮೀರುವಂತಿಲ್ಲ, 2019ರ ಕಾನೂನು ಅದು.

ಬೀದಿ ಮಾತು ತಾನಾಗಿ ಬರುತ್ತದೆ. ಕ್ವಿಡ್ ಅಂದರೆ ಪೌಂಡ್, ಗ್ರ್ಯಾಂಡ್ ಅಂದರೆ ಸಾವಿರ. ನಾಟಿಂಗ್‌ಹ್ಯಾಮ್ ಕಡೆ "ಏ ಅಪ್ ಮಿ ಡಕ್" ಅಂತ ಮಾತಾಡಿಸುತ್ತಾರೆ. ನಮ್ಮ "ಏನ್ ಮಾರಾಯ್ತಿ" ಇದ್ದ ಹಾಗೆ, ಪೂರ್ತಿ ಪ್ರೀತಿಯ ಮಾತು. ಏಜೆಂಟರ ಮಾತಿಗೆ ಮಾತ್ರ ಕಿವಿ ಚುರುಕಾಗಿರಬೇಕು. ಕೋಝಿ ಅಂದರೆ ಇಕ್ಕಟ್ಟು. ಮಾಡರ್ನೈಸೇಷನ್ ಬೇಕು ಅಂದರೆ ವೈರಿಂಗಿನಿಂದ ಹಿಡಿದು ಬಚ್ಚಲ ತನಕ ಖರ್ಚು.

ನಮಗೆ ತೋರಿಸಿದ ಮನೆಯಲ್ಲಿ ಏಜೆಂಟ್ "ಸ್ವಲ್ಪ ಕಂಡೆನ್ಸೇಷನ್, ಅಷ್ಟೇ" ಅಂದ. ಅಂದರೆ ಮನೆಯೊಳಗಿನ ಗಾಳಿಯ ತೇವ ಗೋಡೆಗೆ ಕೂತದ್ದು ಅಂತ. ಮೂಡಿಗೆರೆ ಮಳೆಯಲ್ಲಿ ಬೆಳೆದವಳಿಗೆ ಬೂಷ್ಟಿನ ವಾಸನೆ ಗೊತ್ತಾಗದೆ ಇರುತ್ತಾ? ಹಿಂದಿನ ಕೋಣೆಯ ಕಪಾಟನ್ನು ಸ್ವಲ್ಪ ಎಳೆಯಲು ಕೇಳಿದೆ. ಮಂಡಿಯೆತ್ತರಕ್ಕೆ ಬಣ್ಣ ಎದ್ದಿತ್ತು, ಉಪ್ಪು ಕಟ್ಟಿದ ಹಾಗೆ ಬಿಳಿ ಗೆರೆ ಮೂಡಿತ್ತು, ಗೋಡೆ ಮುಟ್ಟಿದರೆ ತಣ್ಣಗೆ ಒದ್ದೆ. ನೆಲದಿಂದ ತೇವ ಏರೋದಕ್ಕೆ ಅವರು ರೈಸಿಂಗ್ ಡ್ಯಾಂಪ್ ಅನ್ನುತ್ತಾರೆ. ಬ್ಯಾಂಕಿನವರು ಮಾಡಿಸುವ ವ್ಯಾಲ್ಯುಯೇಷನ್ ಅವರ ಸಾಲದ ಭದ್ರತೆಗಷ್ಟೇ, ಅದು ಸರ್ವೆ ಅಲ್ಲ. ಅಲ್ಲಿ ಸರ್ವೆ ಅಂದರೆ ಜಮೀನಿನ ಅಳತೆಯಲ್ಲ, ಕಟ್ಟಡದ ಸ್ಥಿತಿಯ ಪರೀಕ್ಷೆ. ನಾವು ಬೇರೆಯಾಗಿ ದುಡ್ಡು ಕೊಟ್ಟು ಸರ್ವೇಯರನ್ನು ಕರೆಸಿದೆವು. ಅವರ ವರದಿಯಲ್ಲೂ ಅದೇ ಬಂತು. ಎಕ್ಸ್‌ಚೇಂಜ್ ಇನ್ನೂ ಆಗಿರಲಿಲ್ಲವಲ್ಲ, ವರದಿ ಮುಂದಿಟ್ಟು ರಿಪೇರಿ ಖರ್ಚನ್ನು ಬೆಲೆಯಲ್ಲಿ ಇಳಿಸಿಸಿದೆವು.